ಇಪ್ಪತ್ತಮೂರು ವರ್ಷ ತಡವಾದ ಪದಕ

ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಕೊಡಗು ನೋಡಲು ಹೋದವರಲ್ಲಿ ಎಷ್ಟೋ ಮಂದಿ ಅದನ್ನು ಹಾದುಹೋಗಿರುತ್ತಾರೆ. ಹೆಸರು ಓದಿದವರೂ ಇರಬಹುದು. ಆದರೆ ದೇವಯ್ಯನವರ ಸಾಹಸವನ್ನು ವಾಯುಪಡೆಯೇ ಎರಡು ದಶಕ ಕಾಲ ಅರಿತಿರಲಿಲ್ಲವೆಂದರೆ ನಂಬುವುದು ಕಷ್ಟ.

ಅವರು ಕೊನೆಯದಾಗಿ ಹಾರಿದ್ದು ‘ಹುಲಿಗಳು’ ಎಂದು ಹೆಸರಾದ ಒಂದನೆಯ ಸ್ಕ್ವಾಡ್ರನ್ ಪರವಾಗಿ. ಇದು ನಮ್ಮ ವಾಯುಪಡೆಯ ಹಿರಿಯಣ್ಣ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಹುಟ್ಟಿದಾಗ ಇದರ ಬಳಿ ಇದ್ದದ್ದು ನಾಲ್ಕೇ ನಾಲ್ಕು ವಾಪಿಟಿ ವಿಮಾನ. 1942ರಲ್ಲಿ ಬರ್ಮಾದಲ್ಲಿ ಕೆ.ಕೆ. ಮಜುಂದಾರ್ ನಾಯಕತ್ವದಲ್ಲಿ ಇದರ ಪೈಲಟ್‌ಗಳು ಬೇಹಿಗೆಂದು ಇದ್ದ ಲೈಸ್ಯಾಂಡರ್ ವಿಮಾನಗಳಿಗೇ ಬಾಂಬು ಕಟ್ಟಿ ಜಪಾನೀಯರ ಮೇಲೆರಗಿದರು. ಇಂಫಾಲದಲ್ಲಿ ಇದನ್ನು ಮುನ್ನಡೆಸಿದವರು ಅರ್ಜನ್ ಸಿಂಗ್. ದೇಶ ಇಬ್ಭಾಗವಾದಾಗ ಸ್ಕ್ವಾಡ್ರನ್ನಿನ ಹೆಸರೇ ಅಳಿಸಿಹೋಗಿ, 1953ರಲ್ಲಿ ಬೇರೊಂದು ಸ್ಕ್ವಾಡ್ರನ್ ಅದನ್ನು ಹೊತ್ತುಕೊಂಡಿತು.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಸುಕಿನ ಕತ್ತಲಲ್ಲಿ ವಿಂಗ್ ಕಮಾಂಡರ್ ಒ.ಪಿ. ತನೇಜಾ ನಾಯಕತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಪೈಲಟ್‌ಗಳಿಗೆ ಪಾಠ ಹೇಳಿಕೊಡುವ ಶಿಕ್ಷಕರಾಗಿದ್ದ ಅವರನ್ನು ಯುದ್ಧಕ್ಕೆಂದು ಕರೆಸಿಕೊಳ್ಳಲಾಗಿತ್ತು. ಅಂದು ಅವರದು ಬದಲಿಯ ಸ್ಥಾನ. ಒಂದು ವಿಮಾನ ಹಿಂದುಳಿದಾಗ ಅವರು ಆ ಜಾಗಕ್ಕೆ ಸೇರಿಕೊಂಡರು.

ದಾಳಿಯ ನಂತರ ಅವರ ವಿಮಾನಕ್ಕೆ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಅಮೆರಿಕ ಕೊಟ್ಟ ಈ ವಿಮಾನದ ವೇಗ ಶಬ್ದದ ಎರಡರಷ್ಟು. ಫ್ರಾನ್ಸಿನ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಎದುರಾದರು. ಸ್ಟಾರ್‌ಫೈಟರ್ ಉರುಳಿತು, ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಇದನ್ನು ಕಣ್ಣಾರೆ ಕಂಡ ಸಂಗಾತಿಗಳು ಯಾರೂ ಇರಲಿಲ್ಲ. ಕಾಗದದಲ್ಲಿ ‘ಕಾಣೆಯಾಗಿದ್ದಾರೆ’ ಎಂದಾಯಿತು. ಮನೆಯವರಿಗೆ ಆ ಒಂದು ಪದದೊಂದಿಗೆ ವರ್ಷಗಳನ್ನು ಕಳೆಯುವುದು ಹೇಗಿದ್ದೀತು!

ಸುಳಿವು ಸಿಕ್ಕಿದ್ದು ಎದುರಾಳಿಯ ಕಡೆಯಿಂದ. ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಸ್ಟಾರ್‌ಫೈಟರ್ ಕಳೆದುಕೊಂಡ ವಿವರವಿತ್ತು. ಕಾದಾಡಿದ ಮಿಸ್ಟೇರ್ ಯಾವುದು? ಬೆಳಗಿನ ತಂಡದಲ್ಲಿ ಮರಳಿದವರಾರೂ ಸ್ಟಾರ್‌ಫೈಟರ್ ಜೊತೆ ಸೆಣಸಿರಲಿಲ್ಲ. ಮರಳದೆ ಉಳಿದವರು ಒಬ್ಬರೇ. ತನೇಜಾ ಅವರು ವಾಯುಪಡೆಯ ಕೇಂದ್ರ ಕಚೇರಿಗೆ ಈ ವಿಷಯ ಬರೆದರು. ಶತ್ರುವಿನ ಲೆಕ್ಕದ ಪುಸ್ತಕ ನೋಡಿ ನಮ್ಮವರ ಶೌರ್ಯ ತಿಳಿಯಬೇಕಾಯಿತು ಎಂಬುದು ಸ್ವಲ್ಪ ಮುಜುಗರದ ಸಂಗತಿಯೇ.

1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು, ಪತ್ನಿ ಸ್ವೀಕರಿಸಿದರು. 2025ರಲ್ಲಿ ಈ ಪ್ರಸಂಗವನ್ನು ಆಧರಿಸಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರವೂ ಬಂತು. ಸ್ಕ್ವಾಡ್ರನ್ನಿನ ಬಳಿ ಈಗಿರುವುದು ಮಿರಾಜ್ 2000, ನೆಲೆ ಗ್ವಾಲಿಯರ್.

ದೇವಯ್ಯನವರ ದೇಹ ಊರಿಗೆ ಬರಲಿಲ್ಲ. ವಿಮಾನ ಬಿದ್ದ ಕಡೆಯ ಹಳ್ಳಿಗರು ಅಲ್ಲಿನ ಹೊಲದಲ್ಲೇ ಅವರನ್ನು ಮಣ್ಣು ಮಾಡಿದ್ದರು.