ಅಕ್ಷರ ಅಂಕೆಯಾಗುವಾಗ

ಒಂಬತ್ತು ದೊಡ್ಡದೋ, ಹನ್ನೆರಡು ಸಾವಿರ ದೊಡ್ಡದೋ? ಒಂದನೆಯ ತರಗತಿಯ ಮಗುವೂ ಉತ್ತರಿಸಬಲ್ಲ ಪ್ರಶ್ನೆ. ಆದರೆ ಲಕ್ಷಾಂತರ ಲೆಕ್ಕಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುವ ಗಣಕಯಂತ್ರವು ಒಮ್ಮೊಮ್ಮೆ ‘ಒಂಬತ್ತೇ ದೊಡ್ಡದು’ ಎಂದು ನಿಸ್ಸಂಕೋಚವಾಗಿ ಹೇಳಿಬಿಡುವುದುಂಟು. ಯಂತ್ರಕ್ಕೆ ಮತಿಭ್ರಮಣೆಯಾಯಿತೆಂದು ಯಾರೂ ಭಾವಿಸಬೇಕಾದುದಿಲ್ಲ. ತಪ್ಪು ಅದರದಲ್ಲ; ಅಂಕೆಯನ್ನು ಅಕ್ಷರವೆಂದು ಅದಕ್ಕೆ ಪರಿಚಯ ಮಾಡಿಕೊಟ್ಟವರದು.

ನಿಘಂಟನ್ನು ತೆರೆದು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ‘ಕಮಲಿನಿ’ ನಾಲ್ಕಕ್ಷರದ ಪದ, ‘ಕರ’ ಎರಡಕ್ಷರದ್ದು. ಆದರೂ ಕಮಲಿನಿಗೇ ಮೊದಲ ಮಣೆ. ವರ್ಣಮಾಲೆಯಲ್ಲಿ ರಕಾರಕ್ಕಿಂತ ಮಕಾರ ಮುಂಚೆ ಬರುತ್ತದೆ, ಅಷ್ಟೇ. ಅದೇ ನ್ಯಾಯದಿಂದ, ಅಕ್ಷರಗಳೆಂದು ಬಗೆದು ಜೋಡಿಸಿದ ಸಂಖ್ಯೆಗಳು 1, 10, 12000, 2, 25, 9, 950 ಎಂಬ ಕ್ರಮದಲ್ಲಿ ನಿಲ್ಲುತ್ತವೆ. ಉದ್ದವೆಷ್ಟೆಂದು ಯಂತ್ರ ಕೇಳುವುದಿಲ್ಲ. ಮೊದಲ ಮುಖವನ್ನು ನೋಡಿ ಮಣೆ ಹಾಕುತ್ತದೆ.

ಒಂದು ಹಳ್ಳಿಯ ಪತ್ತಿನ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಬಹುದು. ಸಾಲದ ಖಾತೆಯನ್ನು ಗಣಕಯಂತ್ರಕ್ಕೆ ಏರಿಸಿದವರು ‘ಬಾಕಿ’ ಎಂಬ ಖಾನೆಯನ್ನು ಅಕ್ಷರದ ಖಾನೆಯಾಗಿಯೇ ಬಿಟ್ಟಿದ್ದಾರೆ. ಅಕ್ಷರದ ಖಾನೆ ಬಹು ಸೌಜನ್ಯದ್ದು. ಏನು ಬರೆದರೂ ಬೇಡವೆನ್ನದು. ವರ್ಷವೊಂದು ಸುಖವಾಗಿ ಕಳೆಯುತ್ತದೆ. ಬಳಿಕ ಒಂದು ದಿನ, ಅತಿ ಹೆಚ್ಚು ಬಾಕಿಯುಳ್ಳ ಹತ್ತು ಮಂದಿಗೆ ನೋಟೀಸು ಕಳುಹಿಸಬೇಕೆಂದು ತೀರ್ಮಾನವಾಗುತ್ತದೆ. ಪಟ್ಟಿ ಸಿದ್ಧವಾದಾಗ, 950 ರೂಪಾಯಿ ಉಳಿಸಿಕೊಂಡ ಬಡ ರೈತನ ಹೆಸರು ಮೇಲೆ. 12000 ರೂಪಾಯಿ ಉಳಿಸಿಕೊಂಡ ಸಾಹುಕಾರರ ಹೆಸರು ಪಟ್ಟಿಯಲ್ಲೇ ಇಲ್ಲ. ನೋಟೀಸು ಹೋಗುವುದು ಯಾರ ಮನೆಗೆಂದು ಹೇಳಬೇಕಾದುದಿಲ್ಲ.

ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇಂದಿನ ಕೋಷ್ಟಕರೂಪದ ಡೇಟಾಬೇಸುಗಳು ಬೆಳೆದುವು. ಪ್ರತಿಯೊಂದು ಖಾನೆಗೂ ಅದರಲ್ಲಿ ಸಲ್ಲುವ ಮೌಲ್ಯಗಳ ಎಲ್ಲೆಯೊಂದು ಇರುವುದೆಂಬ ವಿಚಾರ ಆ ಪ್ರಬಂಧದಲ್ಲಿಯೇ ಇದೆ. ಸಂಘದವರು ಹಾಕದೆ ಬಿಟ್ಟದ್ದು ಆ ಎಲ್ಲೆಯನ್ನೇ.

ಈಗ ಹಾಕಿದರಾಯಿತಲ್ಲ ಎನ್ನಬಹುದು. ಅಪ್ಪಣೆಯೇನೋ ಒಂದೇ ಸಾಲಿನದು: ಈ ಖಾನೆ ಇನ್ನು ಮುಂದೆ ಸಂಖ್ಯೆಯದು. ಆದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ಇದನ್ನು ಒಡನೆಯೇ ಒಪ್ಪದು. ಅಕ್ಷರವನ್ನು ಸಂಖ್ಯೆ ಮಾಡುವುದು ಹೇಗೆಂದು ಬಾಯಿಬಿಟ್ಟು ಹೇಳಿರೆಂದು ಕೇಳುತ್ತದೆ. ಹೇಳಿದ ಮೇಲೂ, ಲಕ್ಷ ಸಾಲುಗಳ ನಡುವೆ ಒಂದೇ ಒಂದು ಸಾಲು ಸಂಖ್ಯೆಯಾಗದೆ ಹೋದರೆ, ಮಾಡಿದ ಕೆಲಸವನ್ನೆಲ್ಲ ಹಿಂತೆಗೆದುಕೊಂಡು ಖಾನೆಯನ್ನು ಮೊದಲಿದ್ದಂತೆಯೇ ನಿಲ್ಲಿಸುತ್ತದೆ. ಅವಸರದ ಗುಮಾಸ್ತನಿಗೆ ಇದು ಮೊಂಡುತನವೆನಿಸೀತು. ದಿಟವಾಗಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಏಕೆಂದರೆ ಉಪಚಾರ ಹೆಚ್ಚಾದ ಡೇಟಾಬೇಸುಗಳೂ ಇವೆ. ಮೈಎಸ್‌ಕ್ಯೂಎಲ್ ತನ್ನ ಸಡಿಲ ವಿಧಾನದಲ್ಲಿ ‘1,250’ ಎಂಬುದನ್ನು ಓದುತ್ತ ಹೋಗಿ, ಅಲ್ಪವಿರಾಮ ಕಂಡೊಡನೆ ನಿಂತು, 1 ಎಂದು ಬರೆದುಕೊಳ್ಳುತ್ತದೆ. ಸಾವಿರದ ಇನ್ನೂರ ಐವತ್ತು ರೂಪಾಯಿಯ ಬಾಕಿ ಒಂದು ರೂಪಾಯಿಗೆ ಇಳಿಯಿತು! ಎಚ್ಚರಿಕೆಯ ಮಾತೊಂದನ್ನು ಮೆಲ್ಲಗೆ ಆಡುತ್ತದೆ, ನಿಜ, ಕೇಳುವವರು ಯಾರು? 2015ರಲ್ಲಿ ಬಂದ 5.7ನೆಯ ಆವೃತ್ತಿಯಿಂದೀಚೆಗೆ ಕಟ್ಟುನಿಟ್ಟಿನ ವಿಧಾನವೇ ಅದರ ಸಹಜ ಸ್ಥಿತಿಯಾಗಿರುವುದು ಸಮಾಧಾನದ ಸಂಗತಿ.

ಆದುದರಿಂದ ಬಲ್ಲವರು ಮೊದಲು ಸಂಖ್ಯೆಯಾಗಲೊಲ್ಲದ ಸಾಲುಗಳನ್ನು ಮಾತ್ರ ಹೆಕ್ಕಿ ತೆಗೆಯುತ್ತಾರೆ. ಆ ಪಟ್ಟಿಯನ್ನು ಓದುವುದು ಒಂದು ಊರಿನ ಸ್ವಭಾವವನ್ನು ಓದಿದಂತೆ. ‘1250 ರೂ.’ ಎಂದು ಬರೆದವನೊಬ್ಬ. ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರವನ್ನು ಒತ್ತಿದವನೊಬ್ಬ. ಅಭಿಮಾನದಿಂದ ‘೧೨೫೦’ ಎಂದು ಕನ್ನಡದ ಅಂಕೆಗಳಲ್ಲಿಯೇ ತುಂಬಿದವನೊಬ್ಬ. ಪೈಥಾನ್ ಎಂಬ ಗಣಕಭಾಷೆ ಕನ್ನಡದ ಅಂಕೆಗಳನ್ನು ಸಂಖ್ಯೆಯೆಂದು ಗುರುತಿಸಬಲ್ಲದು, ಪೋಸ್ಟ್‌ಗ್ರೆಸ್ ಗುರುತಿಸದು. ಇವನ್ನೆಲ್ಲ ತಿದ್ದುವುದು ಕಷ್ಟವಲ್ಲ.

ಕಷ್ಟವಾಗುವುದು ಏನೂ ಬರೆಯದೆ ಬಿಟ್ಟ ಸಾಲುಗಳಲ್ಲಿ. ಖಾಲಿಯ ಜಾಗಕ್ಕೆ ಸೊನ್ನೆಯನ್ನು ತುಂಬಿಬಿಡೋಣವೆಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಸೊನ್ನೆಯೆಂದರೆ ‘ಬಾಕಿಯಿಲ್ಲ’ ಎಂಬ ನಿಶ್ಚಿತವಾದ ಹೇಳಿಕೆ, ಖಾಲಿಯೆಂದರೆ ‘ತಿಳಿಯದು’. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಒಬ್ಬರ ಸಾಲ ತೀರಿಹೋದಂತೆ ಕಾಣುತ್ತದೆ, ಸರಾಸರಿಗಳೆಲ್ಲ ಕೆಳಗಿಳಿಯುತ್ತವೆ. ತಿಳಿಯದ್ದನ್ನು ತಿಳಿಯದ್ದೆಂದೇ ಇಡಲು ಡೇಟಾಬೇಸಿನಲ್ಲಿ ‘ನಲ್’ ಎಂಬ ಬೇರೆ ಗುರುತೇ ಇದೆ.

ಪದದಿಂದ ಸಂಖ್ಯೆಯನ್ನು ಬಿಡಿಸುವ ಈ ಕಷ್ಟ ಕನ್ನಡನಾಡಿಗೆ ಹೊಸದೇನಲ್ಲ. ಶಾಸನಗಳಲ್ಲಿ ಶಕವರ್ಷವನ್ನು ಭೂತಸಂಖ್ಯೆಗಳಿಂದ ಹೇಳುವ ವಾಡಿಕೆಯಿತ್ತು: ನೇತ್ರವೆಂದರೆ 2, ಅಗ್ನಿಯೆಂದರೆ 3, ವೇದವೆಂದರೆ 4; ಓದುವುದು ಬಲದಿಂದ ಎಡಕ್ಕೆ. ಸಾಗರವೆಂದರೆ ಸಾಮಾನ್ಯವಾಗಿ 4, ಅಪರೂಪಕ್ಕೆ 7. ಶಾಸನತಜ್ಞರು ಅಂಥಲ್ಲಿ ಊಹೆಯಿಂದ ಒಂದನ್ನು ಆರಿಸಿಕೊಳ್ಳುವುದಿಲ್ಲ. ತಿಥಿ ವಾರಗಳನ್ನು ಹೊಂದಿಸಿ ನೋಡುತ್ತಾರೆ.

ಅಂಕೆಗಳಿಂದ ಕೂಡಿದುದೆಲ್ಲ ಸಂಖ್ಯೆಯಲ್ಲವೆಂಬುದನ್ನೂ ಮರೆಯಲಾಗದು. ಬೆಂಗಳೂರಿನ ದೂರವಾಣಿ ಸಂಕೇತ 080 ಸಂಖ್ಯೆಯ ಖಾನೆಗೆ ಹೋದರೆ 80 ಆಗಿ ಹೊರಬರುತ್ತದೆ. 45/2 ಎಂಬ ಸರ್ವೆ ನಂಬರು ಯಾವ ಭಾಗಾಕಾರವೂ ಅಲ್ಲ. ಎರಡು ದೂರವಾಣಿ ಸಂಖ್ಯೆಗಳನ್ನು ಕೂಡಿ ಬಂದ ಮೊತ್ತದಿಂದ ಯಾರಿಗೇನು ಪ್ರಯೋಜನ? ಕೂಡಿ ಕಳೆಯುವ ಅರ್ಥವಿಲ್ಲದುದು ಅಕ್ಷರವಾಗಿಯೇ ಇರುವುದು ಕ್ಷೇಮ. ಹಣದ ಖಾನೆಗೂ ತೇಲುಬಿಂದುವಿನ ಸಂಖ್ಯೆ ಸಲ್ಲದು. ಅದರ ಲೆಕ್ಕದಲ್ಲಿ 0.1 ಮತ್ತು 0.2 ಸೇರಿದರೆ ಸರಿಯಾಗಿ 0.3 ಆಗುವುದಿಲ್ಲ. ಪೈಸೆಗೆ ಪೈಸೆ ಹೊಂದುವ ದಶಮಾಂಶದ ಬಗೆಯನ್ನೇ ಆರಿಸಬೇಕು.

ಇಷ್ಟಾದ ಮೇಲೂ ಅನುಭವಸ್ಥರು ಹಳೆಯ ಖಾನೆಯನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿಯೇ ಹೊಸ ಖಾನೆಯೊಂದನ್ನು ತೆರೆದು, ಮೌಲ್ಯಗಳನ್ನು ಅಲ್ಲಿಗೆ ಸಾಗಿಸಿ, ಎರಡನ್ನೂ ಸಾಲುಸಾಲಾಗಿ ತಾಳೆ ನೋಡುತ್ತಾರೆ. ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳುವುದೂ ಉಂಟು. ಪೋಸ್ಟ್‌ಗ್ರೆಸಿನಲ್ಲಿ ಇದ್ದ ಖಾನೆಯನ್ನೇ ನೇರವಾಗಿ ಬದಲಿಸುವಾಗ ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯಬೇಕಾಗುವುದರಿಂದ, ಅದು ಮುಗಿಯುವವರೆಗೆ ಬೇರೆ ಯಾರೂ ಅದನ್ನು ಓದಲೂ ಆಗದು.

ಕೊನೆಗೆ ‘ಇಲ್ಲ’ ಎಂಬ ಎರಡಕ್ಷರವಿರುವ ಒಂದೆರಡು ಸಾಲು ಉಳಿದೇ ಉಳಿಯುತ್ತವೆ. ಬಾಕಿಯಿಲ್ಲವೋ, ಮಾಹಿತಿಯಿಲ್ಲವೋ? ಯಂತ್ರ ಹೇಳಲಾರದು. ಸಂಘದ ಗುಮಾಸ್ತ ಎದ್ದು, ಬೀರುವಿನಲ್ಲಿರುವ ಹಳೆಯ ಕಿರ್ದಿ ಪುಸ್ತಕದ ಧೂಳು ಕೊಡವಿ, ಆ ಹೆಸರಿನ ಪುಟವನ್ನು ಹುಡುಕಬೇಕಾಗುತ್ತದೆ.