ಎಷ್ಟು ಕಡೆ ಅಪ್ಲೈ ಮಾಡಿದ್ದೀಯ ಅನ್ನೋದಲ್ಲ ಪ್ರಶ್ನೆ

ಮೆಸ್ಸಿನಲ್ಲಿ ಸೀನಿಯರ್ಸ್ ಮಧ್ಯೆ ಈಗ ಒಂದೇ ಮಾತು: "ಎಷ್ಟು ಕಡೆ ಅಪ್ಲೈ ಮಾಡ್ದೆ ಮಗಾ?" ಒಬ್ಬರು 40 ಅಂತಾರೆ, ಇನ್ನೊಬ್ಬರು 100 ಅಂತಾರೆ. 100 ಅಂದವರಿಗೇ ಜಾಸ್ತಿ ಮರ್ಯಾದೆ. ನನ್ನ ಪ್ರಕಾರ ಈ ಲೆಕ್ಕವೇ ಸರಿಯಿಲ್ಲ. ಲಿಂಕ್ಡ್‌ಇನ್‌ನಲ್ಲಿ 'ಈಸಿ ಅಪ್ಲೈ' ಇರೋವಾಗ ಬಸ್ಸಿಗೆ ಕಾಯ್ತಾ ಹತ್ತು ಅರ್ಜಿ ಹಾಕಬಹುದು. ಮೂರು ವಾರ ಬಿಟ್ಟು ಫೋನ್ ಬಂದಾಗ, ಯಾವ ಕೆಲಸಕ್ಕೆ ಯಾವ ರೆಸ್ಯೂಮೆ ಕಳಿಸಿದ್ದೆ ಅಂತ ಹೇಳೋಕೆ ಬರಬೇಕು. ಕಷ್ಟ ಇರೋದು ಅಲ್ಲಿ.

ಕ್ಯಾಂಪಸ್‌ಗೆ ಬರೋ ಕಂಪನಿಗಳ ಲೆಕ್ಕವನ್ನು ಪ್ಲೇಸ್‌ಮೆಂಟ್ ಸೆಲ್ ನೋಡಿಕೊಳ್ಳುತ್ತೆ. ಆಫ್ ಕ್ಯಾಂಪಸ್ ಮತ್ತು ಇಂಟರ್ನ್‌ಶಿಪ್‌ಗೆ ಆ ಕೆಲಸ ನಮ್ಮದೇ. ಅದಕ್ಕೆ ದೊಡ್ಡ ಆ್ಯಪ್ ಏನೂ ಬೇಡ, ಒಂದು ಗೂಗಲ್ ಶೀಟ್ ಸಾಕು. ಕಂಪನಿ, ರೋಲ್, ಎಲ್ಲಿಂದ ಅಪ್ಲೈ ಮಾಡಿದ್ದು, ಯಾವ ಮೇಲ್ ಐಡಿ, ತಾರೀಖು, ಯಾವ ರೆಸ್ಯೂಮೆ, ಈಗ ಯಾವ ಹಂತ, ಮುಂದೆ ಏನು ಮಾಡಬೇಕು: ಇಷ್ಟೇ ಕಾಲಮ್. ಮೇಲ್ ಐಡಿ ಯಾಕೆ ಅಂದ್ರೆ, ವರ್ಕ್‌ಡೇ ಥರದ ಪೋರ್ಟಲ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದು ಕಂಪನಿಗೂ ಬೇರೆ ಅಕೌಂಟ್ ಮಾಡಬೇಕಾಗುತ್ತೆ.

ಇನ್ನೆರಡು ಅಭ್ಯಾಸ ಬೇಕು. ಅಪ್ಲೈ ಮಾಡಿದ ದಿನವೇ ಜಾಬ್ ಡಿಸ್ಕ್ರಿಪ್ಷನ್ ಅನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಅರ್ಜಿ ತಗೊಳ್ಳೋದು ನಿಲ್ಲಿಸಿದ ಮೇಲೆ ಆ ಪುಟ ಎಷ್ಟೋ ಸಲ ಕಾಣೆಯಾಗುತ್ತೆ, ಇಂಟರ್‌ವ್ಯೂ ಆಮೇಲೆ ಇರುತ್ತೆ. ರೆಸ್ಯೂಮೆಗೆ 'ಫೈನಲ್', 'ಫೈನಲ್ 2' ಅನ್ನೋ ಬದಲು ರೋಲ್ ಮತ್ತು ತಾರೀಖಿನ ಹೆಸರು ಕೊಡಿ. ಜೊತೆಗೆ ದಿನಕ್ಕೊಂದು ಸಲ ಸ್ಪ್ಯಾಮ್ ಮತ್ತು ಪ್ರೊಮೋಷನ್ಸ್ ನೋಡಿ. ಆನ್‌ಲೈನ್ ಟೆಸ್ಟ್ ಲಿಂಕ್ ಅಲ್ಲಿ ಬಿದ್ದಿದ್ರೂ ಅದರ ಗಡುವು ನಮಗೋಸ್ಕರ ಕಾಯಲ್ಲ.

"ಅಷ್ಟೆಲ್ಲ ಯಾರಿಗೆ ಟೈಮಿದೆ? ಅಷ್ಟೊತ್ತಿಗೆ ಇನ್ನೆರಡು ಅಪ್ಲೈ ಮಾಡಬಹುದು" ಅಂತ ಕೇಳ್ತಾರೆ. ಒಂದು ಸಾಲು ತುಂಬೋಕೆ ಎರಡು ನಿಮಿಷ ಸಾಕು. ಅದರಿಂದ ಸಿಗೋ ಲಾಭ ಮಾತ್ರ ದೊಡ್ಡದು. ಮೂವತ್ತು ಅರ್ಜಿಗೂ ಉತ್ತರ ಬಂದಿಲ್ಲ ಅಂದ್ರೆ ಮೊದಲು ರೆಸ್ಯೂಮೆ ನೋಡಬೇಕು, ಅಥವಾ ನಾವು ಆರಿಸಿದ ರೋಲ್. ಟೆಸ್ಟ್‌ವರೆಗೆ ಹೋಗಿ ನಿಲ್ತಿದೆ ಅಂದ್ರೆ ಕೋಡಿಂಗ್, ಆಪ್ಟಿಟ್ಯೂಡ್ ಕಡೆ ಗಮನ ಕೊಡಬೇಕು. ಇಂಟರ್‌ವ್ಯೂನಲ್ಲಿ ನಿಲ್ತಿದೆ ಅಂದ್ರೆ ನಮ್ಮ ಪ್ರಾಜೆಕ್ಟನ್ನು ಬಾಯಿಬಿಟ್ಟು ವಿವರಿಸೋದನ್ನ ಕಲೀಬೇಕು. ಶೀಟ್ ಇಲ್ಲದಿದ್ರೆ ಈ ಮೂರೂ ಒಂದೇ ಥರ ಕಾಣುತ್ತೆ: "ನನ್ನ ಹಣೆಬರಹವೇ ಇಷ್ಟು." ಎಷ್ಟೋ ಜನ ತಮ್ಮ ಮೇಲೆ ನಂಬಿಕೆ ಕಳ್ಕೊಳ್ಳೋದು ಇಲ್ಲೇ.

ಮನೆಯಲ್ಲಿ ಎಂಜಿನಿಯರಿಂಗ್ ಓದಿದ ಅಣ್ಣನೋ ಅಕ್ಕನೋ ಇದ್ರೆ ಕೇಳ್ತಾರೆ, ನೆನಪಿಸ್ತಾರೆ. ಮನೆಗೆ ಮೊದಲ ಎಂಜಿನಿಯರ್ ಆಗ್ತಿರೋರಿಗೆ ಹಾಗೆ ಕೇಳೋರು ಇಲ್ಲ. ಅವರಿಗೇ ಈ ಶೀಟ್ ಹೆಚ್ಚು ಬೇಕು.

ಸೆಕೆಂಡ್ ಇಯರ್‌ನವರಿಗೆ ಈಗಲೇ ಯಾಕೆ ಅಂತೀರಾ? ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಪ್ಲೇಸ್‌ಮೆಂಟ್ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗ ಹೊಸ ಅಭ್ಯಾಸ ಹತ್ತಲ್ಲ. ಮುಂದಿನ ಹ್ಯಾಕಥಾನ್ ಅರ್ಜಿಯಿಂದಲೇ ಮೊದಲ ಸಾಲು ಬರೆಯಿರಿ.