ನಮ್ಮವನಾದರೆ ಸಾಕೇ?



ಕಾಫಿ ಹಣ್ಣು ತೂಗುವಾಗ ನಮ್ಮ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿರುತ್ತದೆ. ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಕಡಿಮೆಯಾದರೆ ಮೇಸ್ತ್ರಿಯನ್ನು ನಿಲ್ಲಿಸಿ ಕೇಳುತ್ತೇವೆ. ಅದೇ ನಾವು ಬೈಕನ್ನು ರಿಪೇರಿಗೆ ಬಿಟ್ಟ ದಿನ ಬಾಯಿಗೆ ಬೀಗ ಹಾಕಿಕೊಂಡು, ಕೇಳಿದಷ್ಟು ಎಣಿಸಿ ಕೊಟ್ಟು ಬರುತ್ತೇವೆ. ಯಾಕೆ? "ಅವನು ನಮ್ಮವನೇ" ಎಂಬ ಒಂದು ಮಾತಿಗಾಗಿ.

ನಮ್ಮವನೆಂದರೆ ಯಾರು? ನಮ್ಮ ಭಾಷೆಯವನು, ನಮ್ಮ ಸಭೆಯವನು, ಹೆಂಡತಿಯ ಊರಿನವನು. ಇವುಗಳಲ್ಲಿ ಯಾವುದೂ ಬ್ರೇಕ್ ಹಿಡಿಯುವುದಿಲ್ಲ!

ನಾನೂ ಹೀಗೆ ಕೆಟ್ಟವನೇ. ಹೊಸ ಬ್ರೇಕ್ ಶೂ ಹಾಕಿದ್ದೇನೆಂದು ಪರಿಚಯದವನೊಬ್ಬ ಹಣ ತೆಗೆದುಕೊಂಡ. ಬಿಲ್ ಕೇಳಲು ನನಗೆ ಸಂಕೋಚ. ಅದೇ ವಾರ ಸಂಜೆ ಕಾಟಿಕ್ಕುಳದಿಂದ ತಿರುನೆಲ್ಲಿಗೆ ಬರುವ ಕಾಡುದಾರಿಯ ತಿರುವಿನಲ್ಲಿ ಆನೆ ನಿಂತಿತ್ತು. ಹಿಂದೆ ಮಗಳು ಕೂತಿದ್ದಳು. ತುಳಿದ ಬ್ರೇಕ್ ಹಿಡಿಯಲಿಲ್ಲ. ಬೈಕನ್ನು ಚರಂಡಿಗೆ ಇಳಿಸಿ ಇಬ್ಬರೂ ಬಿದ್ದೆವು; ಜೀವ ಉಳಿಯಿತು. ಬೇರೆ ಕಡೆ ಚಕ್ರ ಬಿಚ್ಚಿಸಿದಾಗ ಒಳಗಿದ್ದದ್ದು ಸವೆದ ಹಳೆಯ ಶೂಗಳೇ. ಆ ಮನುಷ್ಯ ಕದ್ದದ್ದು ಬರೀ ಒಂದು ದಿನದ ಕೂಲಿಯೇ?

ಕೆಲವರು ಹೇಳುತ್ತಾರೆ, "ಬಿಲ್ ಕೇಳಿದರೆ ಮುನಿಸಿಕೊಳ್ಳುತ್ತಾನೆ." ಮುನಿಸಿಕೊಳ್ಳಲಿ. ಪ್ರಾಮಾಣಿಕನಿಗೆ ಚೀಟಿ ಬರೆಯಲು ಭಯವೇನು? ಮಾನಂದವಾಡಿಯ ದೊಡ್ಡ ಅಂಗಡಿಗೇ ಹೋಗಿ ಎಂದು ನಾನು ಹೇಳುತ್ತಿಲ್ಲ. ಮರದ ಕೆಳಗೆ ಕೂತ ಮೆಕ್ಯಾನಿಕ್ಕೂ ದಿನಾಂಕ, ಬೈಕಿನ ನಂಬರು, ಹಾಕಿದ ಸಾಮಾನು, ಪಡೆದ ಹಣ ಬರೆದು ಸಹಿ ಮಾಡಬಲ್ಲ. ಗಾಜಿನ ಶೋರೂಮಿನಲ್ಲೂ ಮೋಸ ನಡೆಯಬಹುದು; ಅಲ್ಲಿಯೂ ಕೇಳಲೇಬೇಕು.

ಕಾನೂನು ನಮ್ಮ ಪರವಾಗಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರವೆಂದು ಎಣಿಸುತ್ತದೆ. ಗಡಿಯಾಚೆ ಕುಟ್ಟದಲ್ಲಿ ಮೋಸವಾದರೂ, ನಾವು ವಾಸಿಸುವ ವಯನಾಡಿನಲ್ಲೇ, ಕಲ್ಪೆಟ್ಟದ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಮೊದಲು ಸಲಹೆ ಬೇಕಾದರೆ 1915ಕ್ಕೆ ಫೋನ್ ಮಾಡಿ. ಆದರೆ ಕೈಯಲ್ಲಿ ಚೀಟಿಯೇ ಇಲ್ಲದಿದ್ದರೆ ಏನನ್ನು ತೋರಿಸುತ್ತೀರಿ?

ಆದುದರಿಂದ ಬಿಚ್ಚುವ ಮೊದಲೇ ಖರ್ಚೆಷ್ಟೆಂದು ಕೇಳಿ. ಆಯಿಲ್ ಡಬ್ಬಿಯ ಸೀಲನ್ನು ನಿಮ್ಮ ಎದುರೇ ಒಡೆಸಿ. ತೆಗೆದ ಹಳೆಯ ಸಾಮಾನನ್ನು ಕೈಗೆ ಪಡೆಯಿರಿ. 2020ರ ಏಪ್ರಿಲ್‌ನಿಂದೀಚೆಗೆ ಬಂದ ಹೆಚ್ಚಿನ ಬೈಕುಗಳಲ್ಲಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್ ಇದೆ. ಅದನ್ನು ನೋಡಿ, "ಇದು ನನಗೆ ತಿಳಿಯದು, ತಿಳಿದವರ ಬಳಿ ಒಯ್ಯಿರಿ" ಎನ್ನುವವನ ಬಳಿಗೆ ಮತ್ತೆ ಧೈರ್ಯವಾಗಿ ಹೋಗಿ. ನಂಬಿಕೆಗೆ ಯೋಗ್ಯನು ಅವನೇ.

ಒಬ್ಬನೇ ಕೇಳಿದರೆ ಅವನು ಜಗಳಗಂಟ. ಲೈನಿನ ಹತ್ತು ಮನೆಯವರೂ ಕೇಳಿದರೆ ಅದೇ ನಿಯಮ. ಕೂಲಿಗಾಗಿ ಒಟ್ಟಾಗಿ ನಿಲ್ಲಲು ಕಲಿತ ನಾವು ಆ ಕೂಲಿಯನ್ನು ಖರ್ಚು ಮಾಡುವಾಗ ಒಂಟಿಯಾಗುವುದೇಕೆ? ಚೀಟಿ ಬರೆಯದ ಅಂಗಡಿಗೆ ನಮ್ಮ ಲೈನಿನಿಂದ ಒಂದು ಬೈಕೂ ಹೋಗದಿರಲಿ, ಅದು ನಮ್ಮವನದೇ ಅಂಗಡಿಯಾಗಿದ್ದರೂ!